ನೋವಿನ ಅಂಚಿನವರೆಗೆ ನಡಿಗೆ

ಹಾವೇರಿ ಸೀಮೆಯ ಜನರು ನಡಿಗೆಯನ್ನು ಬಹುಕಾಲದಿಂದ ಎರಡೇ ನಿಮಿತ್ತಗಳಿಂದ ಬಲ್ಲವರು. ಒಂದು ಬದುಕಿನ ಅಗತ್ಯ, ಇನ್ನೊಂದು ಹರಕೆ. ಹೊಲಕ್ಕೂ ಸಂತೆಗೂ ಬೀಗರ ಊರಿಗೂ ಕಾಲ್ನಡೆಯಲ್ಲಿಯೇ ಹೋಗಿಬರುತ್ತಿದ್ದ ಹಿರಿಯರ ಮಾತು ಹಾಗಿರಲಿ, ಮನೆಗೊಂದು ಮೋಟಾರುಸೈಕಲ್ಲು ಬಂದು ನಿಂತಿರುವ ಈ ದಿನಗಳಲ್ಲಿಯೂ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ನಡೆದೇ ಹೋಗತಕ್ಕವರು, ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕವನ್ನು ಕೇಳಲೆಂದು ಬರಿಗಾಲಿನಲ್ಲಿ ಬಂದು ಸೇರತಕ್ಕವರು ಕಡಿಮೆಯಾಗಿಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು ಇನ್ನೂ ಇಪ್ಪತ್ತು ತುಂಬದ ಪ್ರಾಯದಲ್ಲಿ, 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಗಾಂಧೀಜಿಯವರ ತಂಡದಲ್ಲಿ ಸೇರಿ ದಂಡಿಯವರೆಗಿನ ಸುಮಾರು 240 ಮೈಲಿಗಳ ದಾರಿಯನ್ನು ಸವೆಸಿದ್ದೂ ಒಂದು ಬಗೆಯ ಹರಕೆಯೇ ಸರಿ. ಆದರೆ ನಡಿಗೆಯನ್ನು ಔಷಧವೆಂದು, ಅದರಲ್ಲಿಯೂ ಇಷ್ಟು ನಿಮಿಷ, ವಾರಕ್ಕೆ ಇಷ್ಟು ಸಲ, ಇಷ್ಟು ನೋವು ಬರುವವರೆಗೆ ಎಂದು ಅಳೆದು ಕೊಡತಕ್ಕ ಮದ್ದೆಂದು ಭಾವಿಸುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಈ ರೂಢಿ ಇಲ್ಲದ್ದರಿಂದ ಅತ್ಯಂತ ನಷ್ಟಕ್ಕೆ ಗುರಿಯಾಗತಕ್ಕವರು ಕಾಲಿನ ರಕ್ತನಾಳಗಳು ಕಿರಿದಾಗುವ ಒಂದು ವ್ಯಾಧಿಗೆ ಒಳಗಾದವರು. ಅವರ ಕುರಿತಾಗಿಯೇ ಈ ಬರಹ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಸುಗ್ಗಿಯಲ್ಲಿ ಕಂಡವರಿಗೆ ಆ ದೃಶ್ಯವನ್ನು ವರ್ಣಿಸಬೇಕಾಗಿಲ್ಲ. ಕೆಂಪು ರಾಶಿಗಳ ನಡುವೆ ಹಮಾಲರು ಚೀಲ ಹೊತ್ತು ಓಡುತ್ತಿರುತ್ತಾರೆ, ದಲಾಲರು ರಾಶಿಯಿಂದ ರಾಶಿಗೆ ನಡೆಯುತ್ತಿರುತ್ತಾರೆ, ಹೊಸಬರು ಘಾಟಿಗೆ ಕೆಮ್ಮುತ್ತ ಕರವಸ್ತ್ರ ಹುಡುಕುತ್ತಿರುತ್ತಾರೆ. ಈ ಗಡಿಬಿಡಿಯಲ್ಲಿ ಅರುವತ್ತು ದಾಟಿದ ಒಬ್ಬ ರೈತನೋ ವ್ಯಾಪಾರಿಯೋ ಇನ್ನೂರು ಹೆಜ್ಜೆ ನಡೆದು ಒಂದು ರಾಶಿಯ ಮುಂದೆ ನಿಂತು, ಒಂದು ಕಾಯನ್ನು ಎತ್ತಿ ಮುರಿದು ಮೂಸಿ, ಎರಡು ಮೂರು ನಿಮಿಷ ಕಳೆದ ಬಳಿಕ ಮತ್ತೆ ಇನ್ನೂರು ಹೆಜ್ಜೆ ನಡೆದು ಇನ್ನೊಂದು ರಾಶಿಯ ಮುಂದೆ ನಿಂತರೆ, ನೋಡಿದವರು ಆತನು ಡಬ್ಬಿ ಕಾಯಿಯ ಬಣ್ಣವನ್ನು ಪರೀಕ್ಷಿಸುತ್ತಿರುವನೆಂದೇ ತಿಳಿಯುವರು. ಆದರೆ ಆತನ ಗಮನ ಕಾಯಿಯ ಮೇಲೆ ಇಲ್ಲದಿರಬಹುದು. ಮೊಣಕಾಲ ಹಿಂದೆ ಕೆಳಗಿರುವ ಮೀನಖಂಡವನ್ನು ಯಾರೋ ಒಳಗಿನಿಂದ ಹಿಂಡಿದಂತಾಗಿ, ಮುಂದೆ ಹೆಜ್ಜೆಯಿಡಲಾರದೆ, ನಿಂತ ಕಾರಣವನ್ನು ನಾಲ್ಕು ಜನರಿಗೆ ತೋರಗೊಡದೆ ಆತನು ನೋವು ಇಳಿಯುವುದನ್ನು ಕಾಯುತ್ತಿರಬಹುದು. ಯುರೋಪಿನ ವೈದ್ಯರು ಇಂಥ ರೋಗಿಗಳು ಅಂಗಡಿಗಳ ಗಾಜಿನ ಕಿಟಕಿಗಳ ಮುಂದೆ ಸರಕು ನೋಡುವ ನೆವದಿಂದ ನಿಲ್ಲುವುದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಊರು ಬೇರೆಯಾದರೂ ಸಂಕೋಚ ಒಂದೇ.

ಈ ವ್ಯಾಧಿಗೆ ವೈದ್ಯರು ಪೆರಿಫೆರಲ್ ಆರ್ಟೀರಿಯಲ್ ಡಿಸೀಸ್ ಎಂದೂ, ಸಂಕ್ಷೇಪವಾಗಿ ಪಿ.ಎ.ಡಿ. ಎಂದೂ ಹೆಸರಿಟ್ಟಿದ್ದಾರೆ. ಹೃದಯದಿಂದ ಹೊರಟ ಮಹಾಧಮನಿಯು ಹೊಕ್ಕುಳಿನ ಸಮೀಪದಲ್ಲಿ ಎರಡಾಗಿ ಕವಲೊಡೆದು, ತೊಡೆಯ ಮೂಲಕ, ಮೊಣಕಾಲ ಹಿಂಬದಿಯಿಂದ ಪಾದದವರೆಗೂ ಇಳಿಯುವ ಹಾದಿಯಲ್ಲಿ ಎಲ್ಲಿಯಾದರೂ ಅಪಧಮನಿಯ ಒಳಗೋಡೆಗೆ ಕೊಬ್ಬು ಮತ್ತು ಸುಣ್ಣದ ಅಂಶಗಳು ಸೇರಿ ಗಟ್ಟಿಯಾಗಿ ದಾರಿ ಕಿರಿದಾದರೆ, ಅಥವಾ ಮುಚ್ಚಿಯೇ ಹೋದರೆ, ಅದರಿಂದ ಕೆಳಗಿನ ಸ್ನಾಯುಗಳಿಗೆ ರಕ್ತದ ಕೊರತೆಯುಂಟಾಗುತ್ತದೆ. ಕುಳಿತಾಗ ಈ ಕೊರತೆ ತಿಳಿಯುವುದಿಲ್ಲ. ತುಂಗಾ ಮೇಲ್ದಂಡೆ ಕಾಲುವೆಯ ತುದಿಯಲ್ಲಿ ಹೊಲವಿರುವ ರೈತನನ್ನು ಕೇಳಿದರೆ ಇದರ ಮರ್ಮ ತಿಳಿಯುತ್ತದೆ: ಬೇಡಿಕೆಯಿಲ್ಲದ ದಿನ ಅವನ ಗದ್ದೆಗೂ ನೀರು ಹೇಗೋ ತಲಪುತ್ತದೆ, ಎಲ್ಲರ ಪೈರೂ ಒಮ್ಮೆಲೇ ಬಾಯಾರಿದ ದಿನ ಮಾತ್ರ ಅವನ ಕಾಲುವೆ ಒಣಗಿರುತ್ತದೆ. ನಡೆಯತೊಡಗಿದ ಮೀನಖಂಡವು ವಿಶ್ರಾಂತಿಯಲ್ಲಿದ್ದಾಗಿನ ಹಲವು ಪಟ್ಟು ರಕ್ತವನ್ನು ಬೇಡುತ್ತದೆ. ಆ ಬೇಡಿಕೆಯನ್ನು ಪೂರೈಸಲಾಗದೆ ಹೋದಾಗ ಸ್ನಾಯುವಿಗೆ ಪ್ರಾಣವಾಯು ಸಾಲದೆ ನೋವು ಹುಟ್ಟುತ್ತದೆ. ನಿಂತೊಡನೆ ಬೇಡಿಕೆ ಇಳಿದು ಕೆಲವು ನಿಮಿಷಗಳಲ್ಲಿ ನೋವೂ ಅಡಗುತ್ತದೆ.

ಈ ಲಕ್ಷಣವನ್ನು ವೈದ್ಯಶಾಸ್ತ್ರ ಮೊದಲು ಕಂಡದ್ದು ಮನುಷ್ಯನಲ್ಲಿ ಅಲ್ಲ, ಕುದುರೆಯಲ್ಲಿ. 1831ರಲ್ಲಿ ಬೂಲೆ ಎಂಬ ಫ್ರೆಂಚ್ ಪಶುವೈದ್ಯನು, ಸ್ವಲ್ಪ ದೂರ ನಡೆದು ಕುಂಟಿ ನಿಂತು ವಿಶ್ರಾಂತಿಯ ಬಳಿಕ ಮತ್ತೆ ಸರಿಯಾಗಿ ನಡೆಯುವ ಕುದುರೆಯ ಕಾಲಿನಲ್ಲಿ ಅಪಧಮನಿ ಮುಚ್ಚಿಹೋಗಿರುವುದನ್ನು ತೋರಿಸಿಕೊಟ್ಟನು. ಮನುಷ್ಯರಲ್ಲಿ ಅದೇ ಸಂಗತಿಯನ್ನು ಶಾರ್ಕೊ ಎಂಬ ಪ್ರಸಿದ್ಧ ವೈದ್ಯನು ವಿವರಿಸಿದ್ದು 1858ರಲ್ಲಿ. ನಡುವಿನ ಇಪ್ಪತ್ತೇಳು ವರ್ಷಗಳು ಹೇಗೆ ಕಳೆದವೆಂದು ಕೇಳಿದರೆ ನನಗೆ ತೋರುವ ಉತ್ತರವಿಷ್ಟೆ: ಕುದುರೆ ನೆವ ಹೇಳಲಾರದು, ಮನುಷ್ಯನು ಹೇಳಬಲ್ಲನು.

ನಮ್ಮ ಜನರು ಹೇಳುವ ನೆವಗಳಾದರೂ ಸಾಮಾನ್ಯವಾದವುಗಳಲ್ಲ. ವಾತವೆಂದು ಕೆಲವರು, ನರದ ದೌರ್ಬಲ್ಯವೆಂದು ಕೆಲವರು, ವಯಸ್ಸಾಯಿತೆಂದು ಬಹುಮಂದಿ. ಮೊಣಕಾಲಿನ ಸವೆತದ ನೋವನ್ನೂ ಸೊಂಟದ ನರ ಒತ್ತಿದ ನೋವನ್ನೂ ಇದರಿಂದ ಬೇರ್ಪಡಿಸುವುದು ಅಷ್ಟೇನೂ ಕಷ್ಟವಲ್ಲ. ಮೊಣಕಾಲಿನ ನೋವು ಕೀಲಿನಲ್ಲಿ ಇರುತ್ತದೆ, ಏಳುವಾಗ ಕೂಡುವಾಗ ಕಾಡುತ್ತದೆ. ಸೊಂಟದ ನರದ ನೋವು ಬರಿದೆ ನಿಂತರೆ ಹೋಗುವುದಿಲ್ಲ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹೋಗುತ್ತದೆ. ರಕ್ತದ ಕೊರತೆಯ ನೋವು ಮಾತ್ರ ಹೆಚ್ಚುಕಡಿಮೆ ಪ್ರತಿಸಲವೂ ಅಷ್ಟೇ ದೂರಕ್ಕೆ ಬಂದು, ನಿಂತಲ್ಲಿಯೇ ನಿಂತರೂ ಹೋಗುತ್ತದೆ. ಏರು ದಾರಿಯಲ್ಲಿ ಬೇಗ ಬರುತ್ತದೆ, ಸಮತಟ್ಟಿನಲ್ಲಿ ತಡವಾಗಿ ಬರುತ್ತದೆ.

ಆದರೆ ಈ ಪಾಠವನ್ನು ಒಪ್ಪಿಸಿದಂತೆ ಎಲ್ಲ ರೋಗಿಗಳೂ ನಡೆದುಕೊಳ್ಳುವುದಿಲ್ಲ. ಅಪಧಮನಿಗಳು ಕಿರಿದಾಗಿರುವವರ ಪೈಕಿ ಇಂಥ ಸ್ಪಷ್ಟವಾದ ಲಕ್ಷಣವನ್ನು ಹೇಳತಕ್ಕವರು ಅಲ್ಪಸಂಖ್ಯಾತರು. ಕೆಲವರಿಗೆ ಪೃಷ್ಠದಲ್ಲಿಯೋ ತೊಡೆಯಲ್ಲಿಯೋ ನೋವು. ಕೆಲವರಿಗೆ ನೋವೇ ಅಲ್ಲ, ಕಾಲು ಭಾರವಾದಂತೆ, ಸೋತಂತೆ, ಜೋಮು ಹಿಡಿದಂತೆ. ಇನ್ನುಳಿದವರಿಗೆ ಏನೂ ಇಲ್ಲ. ಈ ಕೊನೆಯವರ ಸಂಗತಿಯೇ ಅತ್ಯಂತ ವಿಚಾರಾರ್ಹವಾದದ್ದು. ದವಾಖಾನೆಯಲ್ಲಿ ವೈದ್ಯರು, “ಅಜ್ಜಾರ, ನಡೀವಾಗ ಕಾಲು ನೋಯ್ತಾವೇನ್ರಿ?” ಎಂದು ಕೇಳಿದರೆ, “ಇಲ್ರೀ ಸಾಹೇಬ್ರ, ಏನೂ ತ್ರಾಸಿಲ್ಲ” ಎಂಬ ಉತ್ತರ ಬರುತ್ತದೆ. ಪ್ರಶ್ನೆ ಅಲ್ಲಿಗೇ ನಿಂತರೆ ರೋಗವೂ ಅಲ್ಲಿಯೇ ಅಡಗಿ ಕೂಡುತ್ತದೆ. “ದಿನಾ ಎಷ್ಟ್ ದೂರ ನಡೀತೀರಿ?” ಎಂದು ಇನ್ನೊಂದು ಮಾತು ಕೇಳಿದರೆ ನಿಜ ಹೊರಬೀಳುತ್ತದೆ: “ಈಗೆಲ್ಲಿ ನಡಿಯೂದ್ರೀ, ಮೊಮ್ಮಗ ಗಾಡಿ ಮ್ಯಾಲ ಕರಕೊಂಡ ಹೋಗ್ತಾನ.” ನೋವಿಲ್ಲದಿರುವುದು ಆರೋಗ್ಯದಿಂದಲ್ಲ, ನಡಿಗೆಯನ್ನೇ ಬಿಟ್ಟದ್ದರಿಂದ. ಹೊಲದವರೆಗಿನ ದಾರಿ ಮೊದಲು ಬಸ್ ನಿಲ್ದಾಣದವರೆಗೂ, ಆಮೇಲೆ ಗುಡಿಯವರೆಗೂ, ಕೊನೆಗೆ ಮನೆಯ ಕಟ್ಟೆಯವರೆಗೂ ಕುಗ್ಗುತ್ತ ಬಂದಿರುತ್ತದೆ. ಈ ಕುಗ್ಗುವಿಕೆ ವರ್ಷಗಳಲ್ಲಿ ನಡೆಯುವುದರಿಂದ ಅದನ್ನು ಆತನೂ ಅರಿಯನು, ಮನೆಯವರೂ ಅರಿಯರು. ಬಳಸದ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಇನ್ನೂ ಬೇಗ ನೋಯುತ್ತದೆ, ಬೇಗ ನೋಯುವುದರಿಂದ ನಡಿಗೆ ಇನ್ನಷ್ಟು ಕಡಿಮೆಯಾಗುತ್ತದೆ.

ಈ ರೋಗ ಅಪರೂಪವಾದದ್ದೆಂದು ಭಾವಿಸತಕ್ಕದ್ದಲ್ಲ. 2010ರಲ್ಲಿ ಜಗತ್ತಿನಲ್ಲಿ ಸುಮಾರು 20 ಕೋಟಿ ಜನರು ಇದಕ್ಕೆ ಒಳಗಾಗಿದ್ದರೆಂದೂ ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರೆಂದೂ ಒಂದು ಅಂತರರಾಷ್ಟ್ರೀಯ ಗಣನೆ ಹೇಳಿತು. ನಮಗೆ ಹತ್ತಿರದ ಲೆಕ್ಕವೆಂದರೆ ಚೆನ್ನೈ ನಗರದ ಜನರಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ್ದು. ಅಲ್ಲಿ ಪರೀಕ್ಷಿಸಿದ ವಯಸ್ಕರಲ್ಲಿ ನೂರಕ್ಕೆ 3.2 ಜನರಿಗೆ, ಸಕ್ಕರೆ ಕಾಯಿಲೆಯವರಲ್ಲಿ ನೂರಕ್ಕೆ 6.3 ಜನರಿಗೆ ಈ ರೋಗವಿತ್ತು. ಕಾರಣಗಳಲ್ಲಿ ಅಗ್ರಸ್ಥಾನ ತಂಬಾಕಿನದು, ಅದರ ಜೊತೆಗೇ ನಿಲ್ಲತಕ್ಕದ್ದು ಸಕ್ಕರೆ ಕಾಯಿಲೆ. ರಕ್ತದೊತ್ತಡ, ಕೊಲೆಸ್ಟರಾಲ್, ಮೂತ್ರಪಿಂಡದ ತೊಂದರೆ ಇವು ಹಿಂಬಾಲಿಸುತ್ತವೆ. ನಲವತ್ತರ ಒಳಗಿನ ಬೀಡಿ ಸೇದುವ ಗಂಡಸಿನ ಕಾಲ್ಬೆರಳು ಕಪ್ಪಾಗತೊಡಗಿದರೆ ಅದು ಪ್ರಾಯಶಃ ಬರ್ಗರ್ ಕಾಯಿಲೆಯೆಂಬ ಬೇರೊಂದು ಬಗೆ. 1908ರಲ್ಲಿ ಲಿಯೋ ಬರ್ಗರ್ ಎಂಬ ವೈದ್ಯನು ವಿವರಿಸಿದ ಈ ರೋಗಕ್ಕೆ ತಂಬಾಕನ್ನು ಸಂಪೂರ್ಣವಾಗಿ ತ್ಯಜಿಸುವುದನ್ನುಳಿದು ಖಚಿತವಾದ ಮದ್ದು ಇಲ್ಲ. ದಿನಕ್ಕೆ ಒಂದೇ ಬೀಡಿ ಎಂಬ ಒಪ್ಪಂದಕ್ಕೆ ಅದು ಸೊಪ್ಪು ಹಾಕದು.

ಪತ್ತೆಹಚ್ಚುವ ವಿಧಾನ ಸುಲಭವಾಗಿದೆ. ಪಾದದ ಮೇಲ್ಭಾಗದಲ್ಲಿಯೂ ಹರಡಿನ ಒಳಬದಿಯ ಹಿಂದೆಯೂ ನಾಡಿ ಮಿಡಿಯುತ್ತದೆಯೇ ಎಂದು ಬೆರಳಿಟ್ಟು ನೋಡುವುದು ಮೊದಲ ಹೆಜ್ಜೆ. ಎರಡನೆಯದು ರಕ್ತದೊತ್ತಡದ ಪಟ್ಟಿಯನ್ನು ತೋಳಿಗೆ ಮಾತ್ರವಲ್ಲ, ಹರಡಿನ ಮೇಲೂ ಸುತ್ತಿ, ಕೈಯಲ್ಲಿ ಹಿಡಿಯುವ ಡಾಪ್ಲರ್ ಎಂಬ ಸಣ್ಣ ಯಂತ್ರದಿಂದ ರಕ್ತದ ಸದ್ದನ್ನು ಕೇಳಿ ಎರಡು ಒತ್ತಡಗಳನ್ನೂ ಅಳೆಯುವುದು. ತೋಳಿನಲ್ಲಿ 140 ಇದ್ದು ಹರಡಿನಲ್ಲಿ 98 ಮಾತ್ರ ಇದ್ದರೆ ಅವುಗಳ ಅನುಪಾತ 0.70. ಈ ಅನುಪಾತವು 1.00ರಿಂದ 1.40ರ ನಡುವೆ ಇರುವುದು ಸ್ವಸ್ಥ ಲಕ್ಷಣ, 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ಕಾಲಿನ ನಾಳ ಕಿರಿದಾಗಿದೆಯೆಂದು ತೀರ್ಮಾನಿಸುತ್ತಾರೆ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಸುಣ್ಣ ಸೇರಿ ಅದು ಪಟ್ಟಿಗೆ ಅಮುಕಿಕೊಳ್ಳದೆ ಸುಳ್ಳು ಅಂಕಿ ಕೊಡುವುದುಂಟು. ಆಗ ಹೆಬ್ಬೆರಳಿನ ಒತ್ತಡವನ್ನು ಅಳೆಯಬೇಕಾಗುತ್ತದೆ. ಕತ್ತಿಯಿಲ್ಲ, ಸೂಜಿಯಿಲ್ಲ, ಒಂದು ಕಾಲು ಗಂಟೆಯ ಕೆಲಸ. ಕಾಲಿನ ನಾಳ ಕಿರಿದಾದವನ ಹೃದಯದ ಮತ್ತು ಮಿದುಳಿನ ನಾಳಗಳೂ ಅದೇ ಹಾದಿಯಲ್ಲಿರುವ ಸಂಭವ ಹೆಚ್ಚು. ಕಾಲು ಕಳೆದುಕೊಳ್ಳುವ ಅಪಾಯಕ್ಕಿಂತ ಹೃದಯಾಘಾತದ ಅಪಾಯವೇ ಆತನಿಗೆ ಮಿಗಿಲಾದದ್ದು. ಆದ್ದರಿಂದ ಈ ಕಾಲು ಗಂಟೆಯ ಬೆಲೆ ಕಾಲಿಗಷ್ಟೇ ಸೀಮಿತವಲ್ಲ.

ಇನ್ನು ಚಿಕಿತ್ಸೆಯ ಮಾತು. ನಡೆದರೆ ನೋಯುತ್ತದೆಂದು ಬಂದವನಿಗೆ ನಡೆಯಬೇಡವೆಂದು ಹೇಳುವುದು ಸಹಜವಾಗಿ ತೋರುತ್ತದೆ. ಮನೆಯವರು ಹೇಳುವುದೂ ಅದನ್ನೇ. ಡೆನ್ಮಾರ್ಕಿನ ಲಾರ್ಸೆನ್ ಮತ್ತು ಲಾಸ್ಸೆನ್ ಎಂಬವರು 1966ರಲ್ಲಿ ಇದಕ್ಕೆ ನೇರ ವಿರುದ್ಧವಾದದ್ದನ್ನು ಮಾಡಿದರು: ಕೆಲವೇ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಒಂದು ಗುಂಪಿನವರಿಗೆ ಪ್ರತಿನಿತ್ಯವೂ ನಡೆಯುವ ಅಭ್ಯಾಸ ಕೊಟ್ಟು, ಅವರು ನೋವಿಲ್ಲದೆ ನಡೆಯಬಲ್ಲ ದೂರ ಗಣನೀಯವಾಗಿ ಹೆಚ್ಚಿದ್ದನ್ನು ಕಂಡರು. ಎಡಿನ್‌ಬರೋದ ಹೌಸ್ಲಿ ಎಂಬ ವೈದ್ಯನು 1988ರಲ್ಲಿ ಈ ರೋಗದ ಚಿಕಿತ್ಸೆಯನ್ನೆಲ್ಲ ಐದೇ ಪದಗಳಲ್ಲಿ ಹೇಳಿ ಮುಗಿಸಿದನು. ಅವುಗಳ ಸಾರ, ಧೂಮಪಾನವನ್ನು ಬಿಟ್ಟು ನಡೆಯುತ್ತಲೇ ಇರಬೇಕೆಂಬುದು. 1995ರಲ್ಲಿ ಗಾರ್ಡ್ನರ್ ಮತ್ತು ಪೊಯೆಲ್ಮನ್ ಎಂಬ ಅಮೆರಿಕದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮದ ಅಭ್ಯಾಸದಿಂದ ನೋವು ಆರಂಭವಾಗುವ ದೂರ ಸರಾಸರಿ 179 ಪ್ರತಿಶತದಷ್ಟೂ, ನಡೆಯಬಲ್ಲ ಗರಿಷ್ಠ ದೂರ 122 ಪ್ರತಿಶತದಷ್ಟೂ ಹೆಚ್ಚಿತ್ತು. ಇನ್ನೂರು ಹೆಜ್ಜೆಗೆ ನಿಲ್ಲುತ್ತಿದ್ದವನು ಐದುನೂರು ಹೆಜ್ಜೆಯ ಬಳಿಕ ನಿಲ್ಲತೊಡಗಿದನೆಂದು ಇದನ್ನು ಸ್ಥೂಲವಾಗಿ ತಿಳಿಯಬಹುದು.

ಇದು ಹೇಗೆ ಸಾಧ್ಯವಾಯಿತು? ಮುಚ್ಚಿದ ನಾಳದ ಪಕ್ಕದಲ್ಲಿ ಹೊಸ ನಾಳಗಳು ಚಿಗುರಿ ರಕ್ತ ಹರಿಯಿತೆಂದು ಬಹುಕಾಲ ನಂಬಿದ್ದರು. ಆದರೆ ತಿಂಗಳುಗಟ್ಟಲೆ ನಡೆದು ನಡಿಗೆಯ ದೂರವನ್ನು ದುಪ್ಪಟ್ಟು ಮಾಡಿಕೊಂಡವನ ಹರಡಿನ ಅನುಪಾತವನ್ನು ಮತ್ತೆ ಅಳೆದರೆ ಅದು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ನಾಳದ ಅಡಚಣೆ ಹಾಗೆಯೇ ಇದೆ, ಮನುಷ್ಯ ಮಾತ್ರ ಮುಂದೆ ಹೋಗಿದ್ದಾನೆ. ಸ್ನಾಯುವು ತನಗೆ ದೊರೆತ ಅಲ್ಪ ಪ್ರಾಣವಾಯುವನ್ನು ದುಂದುಮಾಡದೆ ಬಳಸಲು ಕಲಿಯುವುದು, ನಾಳದ ಒಳಪದರವು ಬೇಕಾದಾಗ ಹಿಗ್ಗುವ ಗುಣವನ್ನು ಮರಳಿ ಪಡೆಯುವುದು, ನಡಿಗೆಯ ಧಾಟಿಯೇ ಮಿತವ್ಯಯದ್ದಾಗುವುದು, ಇವೇ ಮುಖ್ಯ ಕಾರಣಗಳೆಂದು ಈಗ ತಿಳಿದಿದ್ದಾರೆ. ಇದಕ್ಕಿಂತ ವಿಸ್ಮಯದ ಸಂಗತಿಯೊಂದಿದೆ: ಕೈಗಳಿಂದ ತಿರುಗಿಸುವ ಸೈಕಲ್ಲಿನಂಥ ಯಂತ್ರದಲ್ಲಿ ತೋಳುಗಳಿಗಷ್ಟೇ ವ್ಯಾಯಾಮ ಕೊಟ್ಟ ರೋಗಿಗಳ ಕಾಲ್ನಡಿಗೆಯೂ ಸುಧಾರಿಸಿದ್ದುಂಟು. ಶರೀರವು ಬಿಡಿ ಬಿಡಿ ಅಂಗಗಳ ಗಂಟಲ್ಲವೆಂದು ವೈದ್ಯರು ಬಾಯಲ್ಲಿ ಹೇಳುವುದನ್ನು ಆ ಯಂತ್ರ ಕೈಯಿಂದ ತೋರಿಸಿತು.

ನೋವು ಬಾರದಂತೆ ಮೆಲ್ಲಗೆ ನಡೆದರೆ ಸಾಲದೆ ಎಂಬುದು ಎಲ್ಲ ರೋಗಿಗಳೂ ಕೇಳುವ ಪ್ರಶ್ನೆ. ಷಿಕಾಗೋದ ಮೇರಿ ಮೆಕ್‌ಡರ್ಮಟ್ ಮತ್ತು ಅವರ ಸಂಗಡಿಗರು 305 ರೋಗಿಗಳಲ್ಲಿ ಈ ಪ್ರಶ್ನೆಯನ್ನೇ ಒರೆಗೆ ಹಚ್ಚಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೋವು ಬರುವಷ್ಟು ವೇಗದಿಂದ ಮನೆಯ ಸುತ್ತಮುತ್ತ ನಡೆದವರು ಒಂದು ವರ್ಷದ ಬಳಿಕ ಆರು ನಿಮಿಷಗಳಲ್ಲಿ ಕ್ರಮಿಸಬಲ್ಲ ದೂರ ಸರಾಸರಿ 34.5 ಮೀಟರು ಹೆಚ್ಚಿತು. ನೋವು ಬಾರದಂತೆ ನಿಧಾನವಾಗಿ ನಡೆದವರದು ಹೆಚ್ಚಲಿಲ್ಲ, 6.4 ಮೀಟರು ಇಳಿಯಿತು. ಅರ್ಥಾತ್, ಆ ಅಹಿತಕರವಾದ ಹಿಂಡುವಿಕೆಯೇ ಸ್ನಾಯುವಿಗೆ ಬದಲಾಗೆಂದು ಹೇಳುವ ಆಜ್ಞೆ. ಈ ನೋವು ಕಾಲನ್ನು ಕೆಡಿಸುವುದಿಲ್ಲವೆಂಬ ಮಾತನ್ನು ವೈದ್ಯರು ಒತ್ತಿ ಹೇಳಬೇಕು. ಎದೆನೋವಿನ ಸಂಗತಿ ಬೇರೆ. ನಡೆಯುವಾಗ ಎದೆ ಹಿಡಿದರೆ, ಉಸಿರು ಕಟ್ಟಿದರೆ ನಿಲ್ಲಲೇಬೇಕು, ವೈದ್ಯರನ್ನು ಕಾಣಲೇಬೇಕು.

ಹಾಗಾದರೆ ಮದ್ದಿನ ಪ್ರಮಾಣವೆಷ್ಟು? ಮೂರರಿಂದ ಐದು ನಿಮಿಷಗಳಲ್ಲಿ ಕಾಲು ನೋಯತೊಡಗುವಷ್ಟು ಚುರುಕಾಗಿ ನಡೆಯಬೇಕು, ನೋವು ಬಂದೊಡನೆ ನಿಲ್ಲದೆ ಅದು ಸಾಕಷ್ಟು ಬಲವಾಗುವವರೆಗೆ ಮುಂದುವರಿಯಬೇಕು, ಬಳಿಕ ನಿಂತೋ ಕುಳಿತೋ ಅದು ಪೂರ್ತಿ ಇಳಿಯುವವರೆಗೆ ತಾಳಬೇಕು, ಮತ್ತೆ ಹೊರಡಬೇಕು. ಇದನ್ನು ಅರ್ಧ ಗಂಟೆಯಿಂದ ಆರಂಭಿಸಿ ಮೆಲ್ಲಮೆಲ್ಲನೆ ಮುಕ್ಕಾಲು ಗಂಟೆಗೆ ಏರಿಸಿ, ವಾರಕ್ಕೆ ಮೂರು ದಿನಗಳಿಗೆ ಕಡಿಮೆಯಾಗದಂತೆ, ಕನಿಷ್ಠ ಹನ್ನೆರಡು ವಾರ ನಡೆಸಬೇಕು. ಹನ್ನೆರಡು ವಾರಗಳಾದ ಮೇಲೆ ಬಿಡಬಹುದೆಂದಲ್ಲ. ಬಿಟ್ಟರೆ ಗಳಿಸಿದ್ದು ಕರಗುತ್ತದೆ. ರಕ್ತದೊತ್ತಡದ ಗುಳಿಗೆಯನ್ನು ಜೀವಮಾನವಿಡೀ ನುಂಗಲು ಒಪ್ಪುವ ಜನ ಜೀವಮಾನವಿಡೀ ನಡೆಯಲು ಏಕೆ ಹಿಂಜರಿಯುವರೋ ತಿಳಿಯದು. ಗುಳಿಗೆಗೆ ಹಣ ಕೊಟ್ಟಿರುತ್ತೇವೆಂಬುದು ಕಾರಣವಿದ್ದೀತು.

ಕಿರಿದಾದ ನಾಳವನ್ನು ಬಲೂನಿನಿಂದ ಹಿಗ್ಗಿಸಿ ಸ್ಟೆಂಟ್ ಕೂಡಿಸುವ ವಿಧಾನ ಇರುವಾಗ ಈ ಕಷ್ಟವೇಕೆ ಎಂದು ಕೇಳತಕ್ಕವರಿದ್ದಾರೆ. ಸೊಂಟದ ಮಟ್ಟದ ನಾಳ ಕಿರಿದಾದ 111 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ಬಳಿಕ ಯಂತ್ರದ ಮೇಲೆ ನಡೆಯಬಲ್ಲ ಅವಧಿಯು ಮೇಲ್ವಿಚಾರಣೆಯ ವ್ಯಾಯಾಮ ಮಾಡಿದವರಲ್ಲಿ 5.8 ನಿಮಿಷ, ಸ್ಟೆಂಟ್ ಹಾಕಿಸಿಕೊಂಡವರಲ್ಲಿ 3.7 ನಿಮಿಷ, ಔಷಧ ಮಾತ್ರ ತೆಗೆದುಕೊಂಡವರಲ್ಲಿ 1.2 ನಿಮಿಷ ಹೆಚ್ಚಿತು. ಆದರೂ ತಮ್ಮ ಬದುಕು ಎಷ್ಟು ಸುಖಕರವಾಯಿತೆಂದು ರೋಗಿಗಳನ್ನೇ ಕೇಳಿದಾಗ ಸ್ಟೆಂಟಿನವರೇ ಹೆಚ್ಚು ತೃಪ್ತರಾಗಿದ್ದರೆಂಬುದನ್ನೂ ಮರೆಮಾಡಬಾರದು. ನಡಿಗೆಯ ಅಭ್ಯಾಸವನ್ನು ಪ್ರಾಮಾಣಿಕವಾಗಿ ನಡೆಸಿಯೂ ದುಡಿಮೆಗೆ ಅಡ್ಡಿಯಾಗುವಷ್ಟು ನೋವು ಉಳಿದವರಿಗೆ, ಚೀಲ ಹೊತ್ತೇ ಹೊಟ್ಟೆ ಹೊರೆಯಬೇಕಾದ ಹಮಾಲನಂಥವರಿಗೆ, ಆ ದಾರಿ ತೆರೆದೇ ಇದೆ. ಸಿಲೊಸ್ಟಜೋಲ್ ಎಂಬ ಗುಳಿಗೆ ನಡಿಗೆಯ ದೂರವನ್ನು ಅಷ್ಟಿಷ್ಟು ಹೆಚ್ಚಿಸುತ್ತದೆ, ಹೃದಯ ದುರ್ಬಲವಾದವರಿಗೆ ಮಾತ್ರ ಅದು ನಿಷಿದ್ಧ. ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಸ್ಟಾಟಿನ್ ಇವು ಕಾಲಿಗಿಂತ ಹೃದಯವನ್ನೂ ಮಿದುಳನ್ನೂ ಕಾಯುವುದಕ್ಕಾಗಿ ಬೇಕು. ಇವಾವುವೂ ನಡಿಗೆಗೆ ಪ್ರತಿಯಲ್ಲ, ನಡಿಗೆಯೂ ಇವಕ್ಕೆ ಪ್ರತಿಯಲ್ಲ.

ಅಮೆರಿಕದಲ್ಲಿ ಹಿರಿಯರ ಸರಕಾರಿ ವಿಮೆಯು 2017ರಿಂದ ಹನ್ನೆರಡು ವಾರಗಳಲ್ಲಿ 36 ಸಲ ಮೇಲ್ವಿಚಾರಣೆಯ ವ್ಯಾಯಾಮಕ್ಕೆ ಹಣ ಕೊಡುತ್ತಿದೆ. ಹಾಗಿದ್ದೂ ಅದನ್ನು ಬಳಸಿಕೊಳ್ಳತಕ್ಕವರು ಅಲ್ಲಿ ಕೆಲವೇ ಮಂದಿ, ಏಕೆಂದರೆ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿಬರುವುದು ಎಲ್ಲ ದೇಶಗಳಲ್ಲಿಯೂ ಕಷ್ಟವೇ. ಹಿರೇಕೆರೂರಿನ ಕಡೆಯ ಹಳ್ಳಿಗನೊಬ್ಬನನ್ನು ಹಾವೇರಿಗೆ ವಾರಕ್ಕೆ ಮೂರು ಸಲ ನಡೆಯಲು ಬಾ ಎಂದು ಕರೆದರೆ ಆತನು ನಕ್ಕಾನು. ಆದ್ದರಿಂದ ನಮಗೆ ಬೇಕಾದದ್ದು ಮನೆಯ ಸಮೀಪದ ನಡಿಗೆ. ಅದು ಫಲಿಸುವುದೇ ಎಂಬುದಕ್ಕೆ ಎರಡು ಪ್ರಯೋಗಗಳು ಎರಡು ಬಗೆಯ ಉತ್ತರ ಕೊಟ್ಟಿವೆ. 2013ರಲ್ಲಿ ಪ್ರಕಟವಾದ ಒಂದರಲ್ಲಿ 194 ರೋಗಿಗಳ ಪೈಕಿ ಅರ್ಧದಷ್ಟು ಜನ ವಾರಕ್ಕೊಮ್ಮೆ ಒಂದೆಡೆ ಸೇರಿ, ಎಷ್ಟು ನಡೆದೆವು, ಏಕೆ ತಪ್ಪಿತು, ಮುಂದಿನ ವಾರ ಎಷ್ಟು ಎಂದು ಮಾತಾಡಿಕೊಂಡು ಉಳಿದ ದಿನಗಳಲ್ಲಿ ತಮ್ಮ ತಮ್ಮ ಮನೆಯ ಬಳಿ ನಡೆದರು. ಆರು ತಿಂಗಳಲ್ಲಿ ಅವರಿಗೂ ಆರೋಗ್ಯದ ಉಪನ್ಯಾಸಗಳನ್ನಷ್ಟೇ ಕೇಳಿದ ಉಳಿದವರಿಗೂ ಆರು ನಿಮಿಷದ ನಡಿಗೆಯಲ್ಲಿ 53 ಮೀಟರುಗಳಿಗಿಂತ ಹೆಚ್ಚಿನ ಅಂತರ ಬಿದ್ದಿತು. 2018ರ ಇನ್ನೊಂದರಲ್ಲಿ ಹೆಜ್ಜೆ ಎಣಿಸುವ ಯಂತ್ರವನ್ನು ಮೈಮೇಲೆ ಕಟ್ಟಿ, ಬಹುಮಟ್ಟಿಗೆ ದೂರವಾಣಿಯಲ್ಲಿಯೇ ಸಲಹೆ ಕೊಟ್ಟರು, ಪ್ರಯೋಜನ ಕಾಣಲಿಲ್ಲ. ಕೈಗಡಿಯಾರದಲ್ಲಿ ಹೆಜ್ಜೆಯೆಣಿಸಿ ಸಂತೋಷಪಡುವ ನಮ್ಮ ತರುಣರು ಇದನ್ನು ಗಮನಿಸತಕ್ಕದ್ದು.

ವಾರಕ್ಕೊಮ್ಮೆ ಕೂಡುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಹೆಂಗಸರ ಸ್ವಸಹಾಯ ಸಂಘಗಳು ವಾರ ವಾರ ಸೇರುತ್ತವೆ, ಭಜನಾ ಮಂಡಳಿಗಳು ಸೇರುತ್ತವೆ. ಹೆಂಗಸರ ವಿಷಯವನ್ನು ಇಲ್ಲಿ ಬೇರೆಯಾಗಿ ಹೇಳಬೇಕಾಗಿದೆ. ಅವರಿಗೂ ಈ ರೋಗ ಬರುತ್ತದೆ, ಅವರ ಕಾಲುನೋವನ್ನು ಮಾತ್ರ ಮನೆಗೆಲಸದ ದಣಿವೆಂದು ತಳ್ಳಿಹಾಕುವುದು ಸುಲಭ, ಮತ್ತು ಸಣ್ಣ ಊರಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಕೆಲಸವಿಲ್ಲದೆ ಬಿರುಸಾಗಿ ನಡೆದು ನಡುನಡುವೆ ನಿಂತರೆ ಹತ್ತು ಕಣ್ಣುಗಳು ಆಕೆಯ ಮೇಲಿರುತ್ತವೆ. ನಾಲ್ವರು ಕೂಡಿ ನಡೆದರೆ ಆ ಕಣ್ಣುಗಳು ತಾವಾಗಿ ಬೇರೆ ಕಡೆಗೆ ತಿರುಗುತ್ತವೆ.

ಎಲ್ಲಿ ನಡೆಯಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ನಡೆಯಲು ಸಮನೆಲ, ನಡುನಡುವೆ ಕೂಡಲು ಆಸನ, ನೆತ್ತಿಗೆ ನೆರಳು, ವಾಹನಗಳ ಭಯವಿಲ್ಲದಿರುವುದು, ಇಷ್ಟು ಬೇಕು. ಹಾವೇರಿಯಲ್ಲಿ ಹೆಗ್ಗೇರಿ ಕೆರೆಯ ದಂಡೆಯಿದೆ. ಬೆಳಗಿನ ಹೊತ್ತು ಎಲ್ಲ ಊರುಗಳಲ್ಲಿಯೂ ಶಾಲೆಯ ಮೈದಾನವಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ ಮುಗಿಯುವವರೆಗೆ ಪೇಟೆಯ ಅಂಗಳದ ಮಾತು ಬೇಡ, ಕಾಲಿಗಿಂತ ಮೊದಲು ಗಂಟಲು ಸೋಲುತ್ತದೆ. ನನ್ನ ಅಭಿಪ್ರಾಯದಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಈ ಮೂರು ಊರುಗಳಲ್ಲಿಯೂ ಇಂಥ ರೋಗಿಗೆ ತಕ್ಕದಾದ ಸ್ಥಳ ರೈಲು ನಿಲ್ದಾಣದ ಕಟ್ಟೆ: ಉದ್ದವಾಗಿ ಸಮತಟ್ಟಾಗಿದೆ, ಕೂಡಲು ಬೆಂಚುಗಳಿವೆ, ಯಾರಾದರೂ ಎಲ್ಲಿಯಾದರೂ ನಿಂತರೆ ಗಾಡಿ ಕಾಯುತ್ತಿದ್ದಾನೆಂದು ತಿಳಿಯುತ್ತಾರೆಯೇ ಹೊರತು ಏಕೆ ನಿಂತೆಯೆಂದು ಕೇಳುವುದಿಲ್ಲ. ಕಟ್ಟೆಯ ಟಿಕೀಟಿಗೆ ಕೊಡಬೇಕಾದ ಹಣ ಚಹದ ಬೆಲೆಯಷ್ಟು. ಪ್ರಗತಿಯನ್ನು ಅಳೆಯುವುದೂ ಅಲ್ಲಿ ಸುಲಭ. ವೈದ್ಯರು 30 ಮೀಟರಿನ ಪಡಸಾಲೆಯಲ್ಲಿ ರೋಗಿಯನ್ನು ಆರು ನಿಮಿಷ ಅತ್ತಿಂದಿತ್ತ ನಡೆಸಿ ದೂರವನ್ನು ಗುರುತಿಸಿಕೊಳ್ಳುವಂತೆ, ಎರಡು ಕಂಬಗಳ ನಡುವೆ ಎಷ್ಟು ಸಲ ಹೋಗಿಬಂದೆವೆಂದು ತಿಂಗಳಿಗೊಮ್ಮೆ ಎಣಿಸಿ ಬರೆದಿಟ್ಟರೆ ಸಾಕು.

ನಡಿಗೆಯ ಮದ್ದು ಸಲ್ಲದವರೂ ಇದ್ದಾರೆ. ರಾತ್ರಿ ಮಲಗಿದಾಗ ಪಾದ ಉರಿದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸಮಾಧಾನವಾಗುವವರು, ಕಾಲ್ಬೆರಳಿನ ಹುಣ್ಣು ವಾರಗಳಾದರೂ ಮಾಯದವರು, ಬೆರಳು ಕಪ್ಪಾದವರು, ಇವರಿಗೆ ವಿಶ್ರಾಂತಿಯಲ್ಲಿಯೂ ರಕ್ತ ಸಾಲದಾಗಿದೆ. ನಡೆದು ನೋಡುತ್ತೇನೆಂದು ಕಾಲಹರಣ ಮಾಡದೆ ಹಾವೇರಿಯವರು ಸುಮಾರು 75 ಕಿಲೋಮೀಟರು ದೂರದ ಹುಬ್ಬಳ್ಳಿಗೋ, ರಾಣೇಬೆನ್ನೂರಿನವರು ಇನ್ನೂ ಹತ್ತಿರದ ದಾವಣಗೆರೆಗೋ ಹೋಗಿ ರಕ್ತನಾಳದ ಶಸ್ತ್ರವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ನಡೆಯಬಹುದು, ಆದರೆ ಬರಿಗಾಲಿನಲ್ಲಿ ಅಲ್ಲ. ಗುಡ್ಡದ ಹರಕೆಯಿದ್ದರೂ ಮೆಟ್ಟು ಮೆಟ್ಟಿಯೇ ನಡೆದು ಗುಡಿಯ ಬಾಗಿಲಲ್ಲಿ ಬಿಟ್ಟರೆ ದೇವರು ಮುನಿಯಲಾರನು. ದಿನಾ ರಾತ್ರಿ ಬೆರಳುಗಳ ಸಂದಿಯನ್ನೂ ಅಂಗಾಲನ್ನೂ ಮನೆಯವರಿಂದ ನೋಡಿಸಿಕೊಳ್ಳಬೇಕು. ಪಾದ ತಣ್ಣಗಿದೆಯೆಂದು ಕೆಂಡದ ಶಾಖ ಕೊಡುವುದು, ಬಿಸಿನೀರಿನಲ್ಲಿ ಇಳಿಬಿಡುವುದು ಬೇಡ. ಸುಟ್ಟದ್ದು ಆ ಪಾದಕ್ಕೆ ತಿಳಿಯದು, ಸುಟ್ಟ ಗಾಯ ಮಾಯಲು ಬೇಕಾದ ರಕ್ತ ಅಲ್ಲಿಲ್ಲ.

ಇನ್ನು, ಚೆನ್ನಾಗಿಯೇ ಇದ್ದ ಕಾಲು ಹಠಾತ್ತನೆ ನೋಯತೊಡಗಿ ಬಿಳಚಿಕೊಂಡು ತಣ್ಣಗಾಗಿ ಬೆರಳುಗಳನ್ನು ಆಡಿಸಲಾಗದೆ ಹೋದರೆ ಅದು ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತುಹೋದ ಲಕ್ಷಣ. ಆಗ ಎಣ್ಣೆ ತಿಕ್ಕುವುದಕ್ಕೆ, ಬೆಳಗಾಗಲೆಂದು ಕಾಯುವುದಕ್ಕೆ ಸಮಯವಿಲ್ಲ. ಆರು ಗಂಟೆಗಳೊಳಗೆ ಹರಿವನ್ನು ಮರಳಿ ತೆರೆದರೆ ಕಾಲು ಉಳಿಯುವ ಸಂಭವ ಹೆಚ್ಚೆಂಬುದು ವೈದ್ಯರ ಲೆಕ್ಕ, ಅದರಲ್ಲಿ ದಾರಿಯ ಹೊತ್ತೂ ಸೇರಿದೆ. 108ಕ್ಕೆ ಕರೆಮಾಡಬೇಕು, ಮತ್ತು ಆಸ್ಪತ್ರೆಯ ಬಾಗಿಲಲ್ಲಿಯೇ ಕಾಲು ತಣ್ಣಗಾದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು.